ಹರೆಯದ ಸ್ವಾತಂತ್ರ್ಯ ಮತ್ತು ಹಿರಿಯರ ಮೌನ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂದು ನಾಲ್ಕು ಪುರುಷಾರ್ಥಗಳನ್ನು ಎಣಿಸಿದ ದೇಶದಲ್ಲಿ ಮೂರನೆಯದರ ಬಗೆಗೆ ಮನೆಯೊಳಗೆ ಬಾಯಿ ತೆರೆಯುವುದು ಇಂದಿಗೂ ಸಂಕೋಚದ ಸಂಗತಿಯಾಗಿಯೇ ಉಳಿದಿದೆ. ಸಂಕೋಚಕ್ಕೆ ಅದರದೇ ಆದ ಶೋಭೆಯುಂಟು. ಆದರೆ ಅದು ಅಜ್ಞಾನಕ್ಕೆ ಹೊದಿಕೆಯಾದಾಗ ಅದರ ಬೆಲೆ ತೆರಬೇಕಾದವರು ಮನೆಯ ಮಕ್ಕಳು. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಯಂತಹ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈಗ ಬೆಳೆದು ನಿಂತಿರುವ ತಲೆಮಾರಿಗೆ ಸ್ತ್ರೀಪುರುಷ ಸಂಬಂಧದ ಕಲ್ಪನೆಯೇ ಬೇರೆಯಾಗುತ್ತಿದೆ. ವಿವಾಹದ ಉದ್ದೇಶವಿಲ್ಲದ ಸ್ನೇಹ, ಕೆಲವು ತಿಂಗಳ ಮಟ್ಟಿನ ಸಾಮೀಪ್ಯ, ತಾಳಿಯ ಹಂಗಿಲ್ಲದ ಸಹಜೀವನ ಇವೆಲ್ಲ ಕೇವಲ ಕಥೆ ಕಾದಂಬರಿಗಳ ವಸ್ತುವಾಗಿ ಉಳಿದಿಲ್ಲ. ಇದನ್ನು ಖಂಡಿಸುವವರುಂಟು, ಸ್ವಾಗತಿಸುವವರುಂಟು. ಖಂಡನೆಗೂ ಸ್ವಾಗತಕ್ಕೂ ಮೊದಲು ವಿಷಯವನ್ನು ಅರಿಯುವುದು ಹಿರಿಯ ಕಿರಿಯರಿಬ್ಬರಿಗೂ ಹಿತಕರ.

ವಯಸ್ಸಿನ ಲೆಕ್ಕ

ಬದಲಾವಣೆಯ ಕಾರಣವನ್ನು ಹುಡುಕುವಾಗ ಸಿನಿಮಾ, ಪಾಶ್ಚಾತ್ಯರ ಅನುಕರಣೆ, ಅಂಗೈಯಲ್ಲಿರುವ ಮೊಬೈಲು ಎಂದು ಬೆರಳು ತೋರಿಸುವುದು ಸುಲಭ. ಇವುಗಳ ಪ್ರಭಾವ ಇಲ್ಲವೆಂದಲ್ಲ. ಆದರೆ ಮೂಲಕಾರಣ ಒಂದು ಸರಳ ಲೆಕ್ಕದಲ್ಲಿದೆ. 1929ರ ಬಾಲ್ಯವಿವಾಹ ನಿರೋಧ ಕಾಯಿದೆ, ಅಂದರೆ ಜನರು ಶಾರದಾ ಕಾಯಿದೆ ಎಂದು ಕರೆದದ್ದು, ಹುಡುಗಿಯ ವಿವಾಹಕ್ಕೆ 14, ಹುಡುಗನಿಗೆ 18 ವರ್ಷಗಳ ಮಿತಿಯನ್ನು ಹಾಕಿತು. 1978ರಲ್ಲಿ ಈ ಮಿತಿ 18 ಮತ್ತು 21ಕ್ಕೆ ಏರಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24ರ ವಯಸ್ಸಿನ ಸ್ತ್ರೀಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2005-06ರಲ್ಲಿ ಶೇಕಡಾ 47.4 ಇದ್ದರೆ, 2019-21ರಲ್ಲಿ ಶೇಕಡಾ 23.3 ಇದ್ದರು. ಇದು ದೇಶದ ಒಟ್ಟು ಲೆಕ್ಕ. ಮಹಾನಗರದ ವಿದ್ಯಾವಂತ ಕುಟುಂಬಗಳಲ್ಲಿ ಮಗಳ ಮದುವೆ ಇಪ್ಪತ್ತೇಳು ಇಪ್ಪತ್ತೆಂಟಕ್ಕೂ, ಮಗನದು ಮೂವತ್ತಕ್ಕೂ ಸರಿದಿರುವುದು ಅಪರೂಪವಲ್ಲ.

ಇತ್ತ ಪ್ರಕೃತಿ ಮಾತ್ರ ಯಾವ ಕಾಯಿದೆಗೂ ಕಾಯದೆ ಹನ್ನೆರಡು ಹದಿಮೂರನೆಯ ವರ್ಷಕ್ಕೇ ದೇಹದ ಬಾಗಿಲು ತಟ್ಟುತ್ತದೆ. ಅಜ್ಜಿಯ ಕಾಲದಲ್ಲಿ ಮೈನೆರೆಯುವುದಕ್ಕೂ ಗಂಡನ ಮನೆ ಸೇರುವುದಕ್ಕೂ ನಡುವೆ ಹೆಚ್ಚೆಂದರೆ ಎರಡು ಮೂರು ವರ್ಷಗಳ ಅಂತರ. ಮೊಮ್ಮಗಳ ಕಾಲಕ್ಕೆ ಆ ಅಂತರ ಹದಿನೈದು ವರ್ಷಗಳಷ್ಟಾಗಿದೆ. ಓದಲಿ, ಸಂಪಾದಿಸಲಿ, ಸ್ವಂತ ಕಾಲಿನ ಮೇಲೆ ನಿಲ್ಲಲಿ ಎಂದು ಹಿರಿಯರೇ ಹರಸಿ ವಿಸ್ತರಿಸಿದ ಅವಧಿಯಿದು. ಇಷ್ಟು ದೀರ್ಘವಾದ ತಾರುಣ್ಯವನ್ನು ಯುವಜನರು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಮಹಾನಗರದ ಜೀವನಕ್ರಮವೂ ಬದಲಾಗಿದೆ. ಉಡುಪಿಯ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಕಚೇರಿಗಳಲ್ಲಿ ದುಡಿಯಲೆಂದು ಮುಂಬಯಿಗೆ ಬಂದ ಮೊದಲ ತಲೆಮಾರಿನವರು ಚಾಳಿನ ಒಂದೇ ಖೋಲಿಯಲ್ಲಿ ಏಳೆಂಟು ಮಂದಿ ಇದ್ದು ಬಾಳಿದರು. ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲಿಗೆ ಹೋದರು ಎಂಬುದು ಇಡೀ ಚಾಳಿಗೆ ತಿಳಿಯುತ್ತಿತ್ತು. ಇಂದು ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ಇಪ್ಪತ್ತಮೂರರ ತರುಣ ಅಥವಾ ತರುಣಿ ಪೇಯಿಂಗ್ ಗೆಸ್ಟ್ ಆಗಿ ಅಪರಿಚಿತರ ನಡುವೆ ಇರುತ್ತಾರೆ. ಕೈಯಲ್ಲಿ ಸಂಬಳವಿದೆ, ಕೇಳುವವರಿಲ್ಲ, ಸಂಜೆಗೆ ಮಾತನಾಡಲು ಜೊತೆಯೂ ಇಲ್ಲ. ಸ್ವಾತಂತ್ರ್ಯಕ್ಕಿಂತ ಹೆಚ್ಚಾಗಿ ಒಂಟಿತನವೇ ಅನೇಕರನ್ನು ಅವಸರದ ಸಂಬಂಧಕ್ಕೆ ದೂಡುತ್ತದೆ ಎಂಬುದನ್ನು ಮರೆಯಬಾರದು.

ನೀತಿಯೂ ನಿಂತ ನೀರಲ್ಲ

ಹಿಂದಿನ ಕಾಲ ನಿಷ್ಕಳಂಕವಾಗಿತ್ತು, ಈಗ ಕೆಟ್ಟಿತು ಎಂಬ ಮಾತು ಪೂರ್ಣ ಸತ್ಯವಲ್ಲ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ವರ್ಷಗಟ್ಟಲೆ ಮಹಾನಗರದಲ್ಲಿ ಒಂಟಿಯಾಗಿದ್ದ ಪುರುಷರ ಕಾಲದಲ್ಲಿಯೇ ಮುಂಬಯಿಯ ಕಾಮಾಟಿಪುರ ಬೆಳೆಯಿತು. ಅಲ್ಲಿಂದ ತಂದ ಗುಹ್ಯರೋಗವನ್ನು ರಜೆಯಲ್ಲಿ ಊರಿಗೊಯ್ದು ಏನೂ ಅರಿಯದ ಹೆಂಡತಿಗೆ ಅಂಟಿಸಿದ ಪ್ರಸಂಗಗಳು ಎಷ್ಟೋ. ಗಂಡಸಿನ ತಪ್ಪಿಗೆ ಹರೆಯದ ಚಾಪಲ್ಯವೆಂಬ ಹೆಸರು, ಹೆಣ್ಣಿನ ತಪ್ಪಿಗೆ ಕುಲಕಳಂಕವೆಂಬ ಹೆಸರು. ಈ ಎರಡು ತಕ್ಕಡಿಯ ನ್ಯಾಯ ಹಳೆಯದು, ಇಂದಿಗೂ ಪೂರ್ತಿಯಾಗಿ ಹೋಗಿಲ್ಲ.

ನೀತಿ ನಿಯಮಗಳು ಕಾಲಕಾಲಕ್ಕೆ ವಿವಾದಕ್ಕೊಳಗಾಗಿಯೇ ಬದಲಾಗಿವೆ. ಬಾಲ್ಯದಲ್ಲಿ ಮದುವೆಯಾಗಿದ್ದ ರುಕ್ಮಾಬಾಯಿ ತಾನು ಒಪ್ಪದ ಗಂಡನ ಮನೆಗೆ ಹೋಗಲಾರೆನೆಂದಾಗ 1884ರಲ್ಲಿ ಮುಂಬಯಿಯ ನ್ಯಾಯಾಲಯದಲ್ಲಿ ಆರಂಭವಾದ ವ್ಯಾಜ್ಯ ದೇಶವನ್ನೇ ಅಲುಗಿಸಿತು. ಮುಂದೆ ಆಕೆ ವೈದ್ಯೆಯಾಗಿ ಸೇವೆ ಸಲ್ಲಿಸಿದರು. 1891ರಲ್ಲಿ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಧರ್ಮವೇ ಮುಳುಗಿತೆಂದು ಕೂಗಿದವರಿದ್ದರು. ಮುಂಬಯಿಯ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯವನ್ನು ತೆರೆದು, 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆಯನ್ನು ನಡೆಸಿ, ನ್ಯಾಯಾಲಯದ ಕಟಕಟೆಯನ್ನೂ ಹತ್ತಬೇಕಾಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್.

ಈ ವಿಚಾರದಲ್ಲಿ ಕನ್ನಡ ನಾಡು ಹಿಂದೆ ಬಿದ್ದಿರಲಿಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಯಿತು. ಹುಬ್ಬಳ್ಳಿಯಲ್ಲಿ ಜನಿಸಿದ ಧನ್ವಂತಿ ರಾಮರಾವ್ ಅವರು 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಕುಟುಂಬ ಯೋಜನಾ ಸಂಘದ ಮುಂದಾಳಾದರು. ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ'ಯಂತಹ ಕೃತಿಗಳ ಮೂಲಕ, ಮನೆಯಲ್ಲಿ ಪಿಸುಮಾತಾಗಿದ್ದ ವಿಷಯಕ್ಕೆ ಗೌರವದ ಕನ್ನಡವನ್ನು ಒದಗಿಸಿದರು. ಇಂದು ಈ ವಿಷಯ ಮಾತನಾಡಿದರೆ ಸಂಸ್ಕೃತಿಗೆ ಚ್ಯುತಿ ಎನ್ನುವವರು ಈ ಪರಂಪರೆಯನ್ನು ನೆನೆಯಬೇಕು.

ಹೊಸ ಸಂಬಂಧಗಳ ಸ್ವರೂಪ

ಯುವಜನರ ಸಂಬಂಧಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟುವುದು ಸರಿಯಲ್ಲ. ಮದುವೆಯ ಉದ್ದೇಶದಿಂದಲೇ ಪರಸ್ಪರ ಅರಿಯುವ ಸ್ನೇಹ ಒಂದು ಬಗೆ. ಒಂದೇ ಸೂರಿನಡಿ ಸಂಸಾರದಂತೆ ಬಾಳುವ ಸಹಜೀವನ ಎರಡನೆಯದು. ಮುಂದಿನ ಮಾತೇ ಇಲ್ಲದ, ಆ ಹೊತ್ತಿನ ಒಲವಿಗೆ ಸೀಮಿತವಾದ ಸಂಬಂಧ ಮೂರನೆಯದು. 2012ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟಿಂಡರ್ ಮೊದಲಾದ ಮೊಬೈಲ್ ಆ್ಯಪ್‌ಗಳು ಈ ಮೂರನೆಯ ಬಗೆಗೆ ದಾರಿಯನ್ನು ಸುಗಮಗೊಳಿಸಿವೆ.

ಹಾಗೆಂದು ಎಲ್ಲ ತರುಣ ತರುಣಿಯರೂ ಇದೇ ದಾರಿ ಹಿಡಿದಿದ್ದಾರೆಂದು ಭಾವಿಸಬೇಕಾಗಿಲ್ಲ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಪಾಪ್ಯುಲೇಶನ್ ಕೌನ್ಸಿಲ್ ಜೊತೆಗೂಡಿ 2006-07ರಲ್ಲಿ ಆರು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ವಿವಾಹಪೂರ್ವ ಲೈಂಗಿಕ ಸಂಬಂಧವನ್ನು ಒಪ್ಪಿಕೊಂಡ ಯುವಕರು ಸುಮಾರು ಶೇಕಡಾ 15, ಯುವತಿಯರು ಶೇಕಡಾ 4. ಅಂದಿನಿಂದ ಕಾಲ ಬಹಳ ಸರಿದಿದೆ. ಹೇಳಲು ಹೆದರಿ ಮೌನವಾದವರೂ ಇದ್ದಿರಬಹುದು. ಆದರೂ ಎಲ್ಲರೂ ಮಾಡುತ್ತಿದ್ದಾರೆ, ಮಾಡದವನು ಹಳಬ ಎಂಬ ಗೆಳೆಯರ ಬಳಗದ ಒತ್ತಾಯಕ್ಕೆ ಆಧಾರವಿಲ್ಲವೆಂದು ತಿಳಿಯಲು ಇಷ್ಟು ಸಾಕು. ಒಲ್ಲೆ ಎನ್ನುವವರೂ ಈ ಕಾಲದವರೇ.

ಅಲ್ಪಕಾಲದ ಸಂಬಂಧದಲ್ಲಿ ನೋವು ಹುಟ್ಟುವುದು ಸಾಮಾನ್ಯವಾಗಿ ಕರಾರು ಸ್ಪಷ್ಟವಿಲ್ಲದ ಕಡೆ. ಒಬ್ಬರು ಚಾಲ್ತಿ ಖಾತೆಯೆಂದು ತಿಳಿದದ್ದನ್ನು ಇನ್ನೊಬ್ಬರು ನಿಶ್ಚಿತ ಠೇವಣಿಯೆಂದು ನಂಬಿ ಕುಳಿತರೆ ವ್ಯವಹಾರ ಕೆಡುವುದು ಖಂಡಿತ. ಮೊದಲೇ ಮನಸ್ಸು ಬಿಚ್ಚಿ ಹೇಳುವ ಧೈರ್ಯವಿಲ್ಲದವರು ಅಂತಹ ಸಂಬಂಧಕ್ಕೆ ಇನ್ನೂ ಸಿದ್ಧರಾಗಿಲ್ಲವೆಂದೇ ಅರ್ಥ.

ಕಾನೂನು ಏನೆನ್ನುತ್ತದೆ?

ಕಾನೂನಿನ ವಿಚಾರದಲ್ಲಿ ಹಿರಿಯರಲ್ಲಿಯೂ ಕಿರಿಯರಲ್ಲಿಯೂ ತಪ್ಪು ಕಲ್ಪನೆಗಳು ಹೇರಳ. ವಯಸ್ಕರಿಬ್ಬರು ಸ್ವಸಮ್ಮತಿಯಿಂದ ಕೂಡಿ ಬಾಳುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನಟಿ ಖುಷ್ಬೂ ಅವರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2018ರ ಸೆಪ್ಟೆಂಬರ್ 6ರ ತೀರ್ಪಿನಿಂದ, ವಯಸ್ಕರಾದ ಸಮಲಿಂಗಿಗಳ ಸಮ್ಮತಿಯ ಸಂಬಂಧವೂ ಅಪರಾಧವಲ್ಲವೆಂದಾಯಿತು. 2005ರ ಗೃಹಹಿಂಸೆ ತಡೆ ಕಾಯಿದೆಯು ವಿವಾಹದಂತಿರುವ ಸಹಜೀವನದಲ್ಲಿ ಹಿಂಸೆಗೊಳಗಾದ ಸ್ತ್ರೀಗೂ ರಕ್ಷಣೆ ನೀಡುತ್ತದೆ. ಆದರೆ ಕೆಲವು ವಾರಗಳ ಒಡನಾಟಕ್ಕೆ ಈ ರಕ್ಷಣೆ ದೊರೆಯುವುದಿಲ್ಲ. 2025ರ ಜನವರಿ 27ರಂದು ಜಾರಿಗೆ ಬಂದ ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆಯು ಸಹಜೀವನದ ನೋಂದಣಿಯನ್ನು ವಿಧಿಸಿತು. ಆದುದರಿಂದ ಯಾವ ರಾಜ್ಯದಲ್ಲಿ ಇರುತ್ತಾರೋ ಅಲ್ಲಿನ ನಿಯಮವನ್ನೂ ತಿಳಿದಿರುವುದು ಕ್ಷೇಮ.

ಸಮ್ಮತಿಗೆ ಎರಡು ಗಟ್ಟಿಯಾದ ಗೆರೆಗಳಿವೆ. ಮೊದಲನೆಯದು ವಯಸ್ಸು. 2012ರ ಪೋಕ್ಸೋ ಕಾಯಿದೆಯ ಪ್ರಕಾರ 18 ತುಂಬದವರ ಸಮ್ಮತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹದಿನೇಳರ ಹುಡುಗಿ ತಾನಾಗಿಯೇ ಒಪ್ಪಿದಳೆಂಬ ವಾದ ಹತ್ತೊಂಬತ್ತರ ಹುಡುಗನನ್ನು ಉಳಿಸುವುದಿಲ್ಲ. ಎರಡನೆಯದು ಸ್ವಇಚ್ಛೆ. ಮೌನ ಸಮ್ಮತಿಯಲ್ಲ, ಅಮಲಿನಲ್ಲಿ ಆಡಿದ ಹೌದು ಸಮ್ಮತಿಯಲ್ಲ, ನಿನ್ನೆ ಒಪ್ಪಿದವರು ಇಂದೂ ಒಪ್ಪಬೇಕೆಂಬ ನಿಯಮವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮಿನ ಪ್ರಕಾರ, ನೆರವೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ಸ್ತ್ರೀಯೊಡನೆ ದೇಹಸಂಬಂಧ ಬೆಳೆಸುವವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಮನಸ್ಸಿನಲ್ಲಿಲ್ಲದ ಮದುವೆಯನ್ನು ನಾಲಗೆಯ ಮೇಲೆ ತರುವವರು ಇದನ್ನು ಅರಿತಿರಲಿ.

ದೇಹದ ಆರೋಗ್ಯ

ಆರೋಗ್ಯದ ದೃಷ್ಟಿಯಿಂದ ನೋಡಿದರೆ ಅಪಾಯ ಎರಡು: ಬೇಡದ ಗರ್ಭ ಮತ್ತು ಸೋಂಕು. ಇವೆರಡನ್ನೂ ಒಟ್ಟಿಗೆ ತಡೆಯುವ ಸಾಧನ ಕಾಂಡೋಮ್ ಒಂದೇ. ಸರ್ಕಾರವು 1968ರಲ್ಲಿಯೇ ನಿರೋಧ್ ಎಂಬ ಹೆಸರಿನಿಂದ ಇದನ್ನು ಕಡಿಮೆ ಬೆಲೆಗೆ ಊರೂರಿಗೆ ತಲುಪಿಸಲು ಆರಂಭಿಸಿತು. ಅಷ್ಟು ಹಳೆಯ ವಸ್ತುವನ್ನು ಔಷಧಿ ಅಂಗಡಿಯಲ್ಲಿ ಕೇಳಲು ಇಂದಿಗೂ ನಾಚುವವರು, ಮುಂದೆ ವೈದ್ಯರ ಮುಂದೆ ಇನ್ನೂ ಹೆಚ್ಚು ನಾಚಬೇಕಾಗುತ್ತದೆ. ಪ್ರತಿ ಸಲವೂ, ಆರಂಭದಿಂದ ಕೊನೆಯವರೆಗೂ, ಅವಧಿ ಮೀರದ ಹೊಸದನ್ನೇ ಬಳಸಬೇಕು.

ರಕ್ಷಣೆ ತಪ್ಪಿದಾಗ ಸ್ತ್ರೀಯು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗನೆ, ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಹುದು. ಇದು ಗರ್ಭಪಾತದ ಮಾತ್ರೆಯಲ್ಲ. ಆಗಲೇ ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ. ಸೋಂಕನ್ನೂ ತಡೆಯುವುದಿಲ್ಲ. ಹೆಸರೇ ಹೇಳುವಂತೆ ಇದು ತುರ್ತಿನ ಉಪಾಯ, ನಿತ್ಯದ ವಿಧಾನವಲ್ಲ. ಮುಟ್ಟು ತಪ್ಪಿದರೆ ದಿನ ದೂಡದೆ ಪರೀಕ್ಷೆ ಮಾಡಿಕೊಳ್ಳಬೇಕು.

1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ಆದ ತಿದ್ದುಪಡಿಯ ಮಹತ್ವವನ್ನು ಅನೇಕರು ಅರಿತಿಲ್ಲ. ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ ವಿವಾಹಿತ ಸ್ತ್ರೀ ಮತ್ತು ಆಕೆಯ ಪತಿ ಎಂದು ಮೊದಲಿದ್ದ ಮಾತಿನ ಬದಲಿಗೆ ಸ್ತ್ರೀ ಮತ್ತು ಆಕೆಯ ಸಂಗಾತಿ ಎಂಬ ಮಾತು ಬಂದಿತು. 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ನಿಗದಿತ ವರ್ಗದ ಸ್ತ್ರೀಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇರೆಗೆ 24 ವಾರಗಳವರೆಗೆ ಅವಕಾಶವಿದೆ. ಇದರಿಂದ ಅವಿವಾಹಿತೆಯರನ್ನು ಹೊರಗಿಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. 18 ತುಂಬಿದ ಸ್ತ್ರೀಗೆ ಆಕೆಯ ಸ್ವಂತ ಸಮ್ಮತಿಯೊಂದೇ ಸಾಕು, ತಂದೆಯ ಸಹಿ ಬೇಕಿಲ್ಲ, ಗಂಡನ ಸಹಿಯೂ ಬೇಕಿಲ್ಲ. ಆಕೆಯ ಹೆಸರನ್ನು ಗುಪ್ತವಾಗಿಡುವುದು ವೈದ್ಯರ ಹೊಣೆ. ಕಾನೂನು ಇಷ್ಟು ದಾರಿ ಮಾಡಿಕೊಟ್ಟಿರುವಾಗ, ಹೆದರಿಕೆಯಿಂದ ಅಂಗಡಿಯ ಮಾತ್ರೆ ನುಂಗಿ ಒಂಟಿ ಕೋಣೆಯಲ್ಲಿ ರಕ್ತಸ್ರಾವದಿಂದ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವುದು ದುರಂತವೇ ಸರಿ.

ಸೋಂಕುಗಳಲ್ಲಿ ಪರಂಗಿ ರೋಗವೆಂಬ ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾಗಳು ಔಷಧಿಯಿಂದ ಗುಣವಾಗುವಂತಹವು. ಆದರೆ ಅನೇಕ ಸ್ತ್ರೀಯರಲ್ಲಿ ಗೊನೋರಿಯಾ, ಕ್ಲಮೀಡಿಯಾಗಳು ಯಾವ ಲಕ್ಷಣವನ್ನೂ ತೋರದೆ ಅಡಗಿದ್ದು, ಗರ್ಭನಾಳವನ್ನು ಮುಚ್ಚಿ ಮುಂದೆ ಬಂಜೆತನಕ್ಕೆ ಕಾರಣವಾಗಬಲ್ಲವು. ಸಿಫಿಲಿಸ್‌ನ ಮೊದಲ ಹುಣ್ಣು ನೋವಿಲ್ಲದೆ ಬಂದು ತಾನಾಗಿಯೇ ಮಾಯುತ್ತದೆ. ಹುಣ್ಣು ಮಾಯಿತೆಂದರೆ ರೋಗ ಹೋಯಿತೆಂದಲ್ಲ. ಒಬ್ಬರಿಗೆ ಸೋಂಕು ಕಂಡರೆ ಸಂಗಾತಿಗೂ ಚಿಕಿತ್ಸೆಯಾಗಬೇಕು. ಹೆಪಟೈಟಿಸ್-ಬಿ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್.ಪಿ.ವಿ. ವೈರಸ್ಸಿಗೆ ಲಸಿಕೆಗಳಿವೆ. ಎಚ್.ಪಿ.ವಿ. ಲಸಿಕೆ 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಹೆಚ್ಚು ಫಲಕಾರಿ. ಇದು ಹುಡುಗಿಯ ನಡತೆಯ ಮೇಲಿನ ಸಂಶಯವಲ್ಲ, ಆಕೆಯ ಆಯುಷ್ಯದ ಮೇಲಿನ ಅಕ್ಕರೆ.

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈಯಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಡಾ. ಸೆಲ್ಲಪ್ಪನ್ ನಿರ್ಮಲಾ ಅವರ ಪರಿಶ್ರಮದಿಂದ. 2004ರ ಏಪ್ರಿಲ್‌ನಿಂದ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಔಷಧಿಯನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟವನ್ನು ತಲುಪಿ ಅಲ್ಲಿಯೇ ಉಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡದೆಂದು ವಿಜ್ಞಾನ ದೃಢಪಡಿಸಿದೆ. ಇಷ್ಟಾದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ರೋಗದ ಬಗೆಗೆ ಸಮಗ್ರ ತಿಳಿವಳಿಕೆಯುಳ್ಳವರು ಸ್ತ್ರೀಯರಲ್ಲಿ ಶೇಕಡಾ 21.6, ಪುರುಷರಲ್ಲಿ 30.7 ಮಾತ್ರ. ಸಂಶಯದ ಸಂಪರ್ಕವಾದರೆ 72 ಗಂಟೆಗಳೊಳಗೆ ದೊಡ್ಡ ಆಸ್ಪತ್ರೆಗೆ ಹೋಗಿ, ಸೋಂಕು ತಡೆಯುವ 28 ದಿನಗಳ ಔಷಧಿಯ ಬಗೆಗೆ ವೈದ್ಯರನ್ನು ಕೇಳಬೇಕು. ಸಂಪರ್ಕವಾದ ಮರುದಿನವೇ ಮಾಡಿಸಿದ ರಕ್ತಪರೀಕ್ಷೆ ಭರವಸೆಯದಲ್ಲ. ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು. ಸರ್ಕಾರದ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಪ್ತ. 1097 ಎಂಬ ದೂರವಾಣಿ ಸಂಖ್ಯೆಯಲ್ಲಿ ಮಾಹಿತಿ ದೊರೆಯುತ್ತದೆ.

ಮನಸ್ಸು ಮತ್ತು ಮಾನ

ದೇಹಕ್ಕೆ ಕವಚವುಂಟು, ಮನಸ್ಸಿಗೆ ಅಂತಹ ಕವಚವಿಲ್ಲ. ಹಂಗಿಲ್ಲದ ಸಂಬಂಧವೆಂದು ಒಪ್ಪಿ ಆರಂಭಿಸಿದವರೂ ಮನಸ್ಸು ಹಂಗನ್ನು ಬೆಳೆಸಿಕೊಂಡಾಗ ತತ್ತರಿಸುತ್ತಾರೆ. ಮುರಿದ ಸ್ನೇಹದ ದುಃಖವನ್ನು ಮನೆಯಲ್ಲಿ ಹೇಳುವಂತಿಲ್ಲ, ಏಕೆಂದರೆ ಆ ಸ್ನೇಹವಿದ್ದುದೇ ಮನೆಗೆ ತಿಳಿಯದು. ನಿದ್ರೆಗೆಟ್ಟು, ಕೆಲಸದಲ್ಲಿ ಆಸಕ್ತಿ ಕಳೆದುಕೊಂಡು, ಬದುಕೇ ಬೇಡವೆನಿಸಿದಾಗ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಯ ಮಾರ್ಗದರ್ಶನದ ಹೊಣೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು.

ಮತ್ತೊಂದು ಅಪಾಯ ಈ ಕಾಲದ್ದೇ. ಸಲಿಗೆಯ ಗಳಿಗೆಯಲ್ಲಿ ತೆಗೆದ ಚಿತ್ರ ಸ್ನೇಹ ಮುರಿದ ಮೇಲೆ ಬೆದರಿಕೆಯ ಆಯುಧವಾಗುತ್ತದೆ. ಮೊದಲ ಬೆದರಿಕೆಗೆ ಹಣ ಕೊಟ್ಟರೆ ಅದು ಕಂತಾಗಿ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಹಣ ಕೊಡದೆ, ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಂಡು, ಸೈಬರ್ ಅಪರಾಧದ 1930 ಸಂಖ್ಯೆಗೋ ಹತ್ತಿರದ ಪೊಲೀಸ್ ಠಾಣೆಗೋ ದೂರು ಕೊಡಬೇಕು. ಎಲ್ಲಕ್ಕಿಂತ ಮೊದಲು ನಂಬಿಕೆಯ ಹಿರಿಯರೊಬ್ಬರಿಗೆ ಹೇಳಬೇಕು. ಬೆದರಿಸುವವನ ನಿಜವಾದ ಬಂಡವಾಳ ಆ ಚಿತ್ರವಲ್ಲ, ಮನೆಯವರಿಗೆ ತಿಳಿದೀತೆಂಬ ಭಯ. ಮನೆಯವರಿಗೆ ತಿಳಿದ ಕ್ಷಣಕ್ಕೆ ಆ ಬಂಡವಾಳ ಕರಗುತ್ತದೆ.

ಮನೆ ಮತ್ತು ಸಂಘಗಳ ಕರ್ತವ್ಯ

ಹೊರನಾಡಿನ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಮಕ್ಕಳು ಮನೆಯಲ್ಲಿ ಕನ್ನಡವಾಡುತ್ತಾರೆ, ಆದರೆ ಆ ಕನ್ನಡ ಊಟ ತಿಂಡಿಗೆ, ಹಬ್ಬ ಹುಣ್ಣಿಮೆಗೆ, ಊರಿನ ನೆಂಟರಿಗೆ ಸೀಮಿತ. ದೇಹದ ಬಗೆಗೆ ಅವರು ಕಲಿತ ಮಾತುಗಳೆಲ್ಲ ಇಂಗ್ಲಿಷಿನವು. ತಾಯಿಗೆ ಗೊತ್ತಿರುವ ಕನ್ನಡದ ಮಾತುಗಳು ಒಂದೋ ಬೈಗುಳ, ಇಲ್ಲವೇ ಪಿಸುಮಾತು. ಹೀಗಾಗಿ ಮಾತನಾಡಬೇಕೆಂಬ ಇಚ್ಛೆ ಇಬ್ಬರಿಗಿದ್ದರೂ ನಡುವೆ ಸೇತುವೆಯಿಲ್ಲ. ಮುಟ್ಟು, ಗರ್ಭಕೋಶ, ಸಮ್ಮತಿ, ಸೋಂಕು ಎಂಬ ಶುದ್ಧವಾದ ಕನ್ನಡ ಪದಗಳನ್ನು ಜ್ವರ ನೆಗಡಿಗಳಂತೆ ಸಹಜವಾಗಿ ಬಳಸುವುದೇ ಮೊದಲ ಪಾಠ.

ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂಬುದು ಪ್ರಾಚೀನರ ಮಾತು. ಆ ಮಾತು ಮಗಳಿಗೂ ಸಲ್ಲಬೇಕು. ಉಪದೇಶ ಮಗಳಿಗೆ ಮಾತ್ರ, ಸ್ವಾತಂತ್ರ್ಯ ಮಗನಿಗೆ ಮಾತ್ರ ಎಂಬ ಮನೆಯಲ್ಲಿ ಇಬ್ಬರೂ ದಾರಿ ತಪ್ಪುತ್ತಾರೆ. ಪರಸ್ತ್ರೀಯ ಒಲ್ಲೆ ಎಂಬ ಮಾತನ್ನು ಗೌರವಿಸುವುದನ್ನು ಮಗನಿಗೆ ಕಲಿಸಬೇಕಾದವರು ತಂದೆಯೇ. ಮಕ್ಕಳ ನಡೆ ತಂದೆತಾಯಿಗೆ ಒಪ್ಪಿಗೆಯಾಗದಿರಬಹುದು. ಅದನ್ನು ಮರೆಮಾಚದೆ ಹೇಳುವ ಹಕ್ಕು ಅವರಿಗಿದೆ. ಆದರೆ ಆಪತ್ತು ಬಂದ ದಿನ ಮನೆಯ ಬಾಗಿಲು ತೆರೆದಿರುತ್ತದೆ ಎಂಬ ಭರವಸೆಯನ್ನು ಆ ಅಸಮ್ಮತಿಯ ಜೊತೆಗೇ ಕೊಡಬೇಕು.

ಕನ್ನಡ ಸಂಘಗಳು ಪ್ರತಿವರ್ಷ ರಕ್ತದೊತ್ತಡ, ಮಧುಮೇಹ, ಕಣ್ಣಿನ ಪರೀಕ್ಷೆಯ ಶಿಬಿರಗಳನ್ನು ನಡೆಸುತ್ತಿರುವುದು ಸ್ತುತ್ಯ. ಅದೇ ದಿನ ಒಂದು ಗಂಟೆ ಯುವಜನರಿಗಾಗಿ ಮೀಸಲಿಟ್ಟು, ಒಬ್ಬ ಸ್ತ್ರೀರೋಗ ತಜ್ಞೆಯನ್ನೂ ಒಬ್ಬ ಮನೋವೈದ್ಯರನ್ನೂ ಆಹ್ವಾನಿಸಿ, ಹೆಸರು ಬರೆಯದ ಚೀಟಿಗಳಲ್ಲಿ ಪ್ರಶ್ನೆಗಳನ್ನು ಪೆಟ್ಟಿಗೆಗೆ ಹಾಕಿಸಿ ಉತ್ತರ ಕೊಡಿಸಬಹುದು. ವಧೂವರರ ಸಮಾವೇಶಗಳಲ್ಲಿ ಜಾತಕ, ಗೋತ್ರ, ಸಂಬಳಗಳನ್ನು ಕೂಡಿಸಿ ನೋಡುವಾಗ, ಉಭಯತರು ಸ್ವಇಚ್ಛೆಯಿಂದ ಎಚ್.ಐ.ವಿ., ಹೆಪಟೈಟಿಸ್-ಬಿ ಮತ್ತು ಥಲಸ್ಸೀಮಿಯಾ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವ ಪದ್ಧತಿಯನ್ನು ಪ್ರೋತ್ಸಾಹಿಸಬಹುದು. ಎರಡೂ ಕಡೆಯವರು ಮಾಡಿಸಿದಾಗ ಯಾರಿಗೂ ಅವಮಾನವಿಲ್ಲ.

ಕಾಲಪ್ರವಾಹವನ್ನು ತಡೆದು ನಿಲ್ಲಿಸುವುದು ಹಿರಿಯರ ಕೈಯಲ್ಲಿಲ್ಲ. ಅದರಲ್ಲಿ ಈಜು ಬಾರದೆ ಇಳಿಯುವುದು ಕಿರಿಯರಿಗೆ ಕ್ಷೇಮವಲ್ಲ. ಬ್ರಹ್ಮಚರ್ಯವನ್ನು ಆರಿಸಿಕೊಂಡವರಿಗೂ, ಮದುವೆಯವರೆಗೆ ಕಾಯುವವರಿಗೂ, ಬೇರೆ ದಾರಿ ಹಿಡಿದವರಿಗೂ ಅರಿವು ಸಮಾನವಾಗಿ ಅಗತ್ಯ. ತನ್ನ ದೇಹಕ್ಕೆ, ತನ್ನ ಮಾತಿಗೆ, ಜೊತೆಯವರ ಬದುಕಿಗೆ ತಾನೇ ಹೊಣೆಯೆಂದು ಒಪ್ಪಿಕೊಳ್ಳುವ ಶಕ್ತಿ ಬಂದಾಗಲೇ ಹರೆಯಕ್ಕೆ ಸ್ವಾತಂತ್ರ್ಯ ಸಲ್ಲುತ್ತದೆ. ಆ ಶಕ್ತಿಯನ್ನು ಮಕ್ಕಳಲ್ಲಿ ಬೆಳೆಸುವ ಕೆಲಸ, ಅವರಿಗಾಗಿ ಕೂಡಿಡುವ ಯಾವ ಠೇವಣಿಗಿಂತಲೂ ಮಿಗಿಲಾದುದು.